ಒಂಟಿ ಮೀಸೆಯ ಬಿಳಿಮೀನು

ಗಾಳ ಹಾಕುವವನು ಸುಳ್ಳು ಹೇಳುತ್ತಾನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇಡೀ ಭಾನುವಾರ ಬಿಸಿಲಲ್ಲಿ ಕೂತು ಅಂಗೈಯಗಲದ ಮೀನು ಹಿಡಿದವನಿಗೆ ಅದನ್ನು ಮೊಳದುದ್ದ ಮಾಡಿಕೊಳ್ಳುವ ಹಕ್ಕಾದರೂ ಬೇಡವೇ? ತಿ. ನರಸೀಪುರದ ನಾವು ಒಂಬತ್ತು ಮಂದಿ ಆ ಹಕ್ಕನ್ನು ವರ್ಷಗಟ್ಟಲೆ ಧಾರಾಳವಾಗಿ ಚಲಾಯಿಸಿದೆವು. ಕೊನೆಗೆ ಅದೇ ನಮ್ಮ ಕುತ್ತಿಗೆಗೆ ಬಂತು.

ನಾವು ಕಸುಬಿನ ಮೀನುಗಾರರಲ್ಲ. ಚಿಕ್ಕಮಾದು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ದೊಡ್ಡಸಿದ್ದಯ್ಯ ನಿವೃತ್ತ ಹೆಡ್‌ಮಾಸ್ಟರು. ನಾನು ಮಲ್ಲಿಕಾರ್ಜುನ, ಗೊಬ್ಬರದ ಅಂಗಡಿಯವನು. ಕೊರಳಲ್ಲಿ ಲಿಂಗವಿದೆ, ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವನಲ್ಲ. ಹಿಡಿದದ್ದನ್ನು ಅಲ್ಲೇ ನೀರಿಗೆ ಬಿಟ್ಟು ಬರುತ್ತೇನೆ. "ಒಳೇಲಿ ಏನಾರ ಮಾಡ್ಕೊ, ಆ ವಾಸ್ನೆ ಮಾತ್ರ ಒಸ್ತಿಲು ದಾಟ್‌ಬಾರ್ದು" ಎಂದು ನನ್ನ ತಾಯಿ ಮಂಗಳಮ್ಮ ಹಿತ್ತಲ ಬಚ್ಚಲಲ್ಲಿ ಸೀಗೆಪುಡಿ ಇಟ್ಟಿರುತ್ತಾಳೆ. ಮಠದ ಕಡೆಯ ನೆಂಟರು ಕೇಳಿದರೆ ಮಗ ಹೊಳೆದಂಡೆಗೆ ಗಾಳಿ ಸೇವನೆಗೆ ಹೋಗಿದ್ದಾನೆ ಎನ್ನುತ್ತಾಳೆ.

ನಮ್ಮ ಜಾಗ ಸಂಗಮದಿಂದ ಮೇಲಕ್ಕೆ, ಕಪಿಲೆಯ ಆಲದ ಮಡು. ಹಿಂಡಿ ಬೆರೆಸಿ ಬೇಯಿಸಿದ ರಾಗಿ ಉಂಡೆಯೇ ಎರೆ. ಮೊದಲ ಏಳು ಉಂಡೆಗಳಿಗೆ ಗಾಳ ಚುಚ್ಚದೆ ಹಾಗೇ ಎಸೆಯಬೇಕು, ಅದು ಹೊಳೆಯ ಪಾಲು. ಸಂಜೆ ರಾಚಯ್ಯನ ಟೀ ಅಂಗಡಿಯಲ್ಲಿ ಸೇರಿ, ಅವತ್ತಿನ ಮೀನಿನ ತೂಕವನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆಯಬೇಕು. ಅಲ್ಲಿನ ಮರ್ಯಾದೆ ಇಷ್ಟೇ: ಒಬ್ಬ ಎಷ್ಟೇ ಬರೆಯಲಿ, ಉಳಿದವರು "ಇದ್ರೂ ಇರ್ಬೋದು" ಅನ್ನಬೇಕು. ಚಿಕ್ಕಮಾದು ಒಮ್ಮೆ ಮೂವತ್ತೆಂಟು ಕೆ.ಜಿ. ಅಂತ ಬರೆದ. ಮೀನನ್ನು ಅವನು ಟವೆಲಿನಲ್ಲಿ ಸುತ್ತಿ ತಂದಿದ್ದನ್ನು ಎಲ್ಲರೂ ನೋಡಿದ್ದೆವು. ಇದ್ದರೂ ಇರಬಹುದು ಅಂದೆವು.

ತೊಂಬತ್ತೆಂಟರ ಕಾರ್ತಿಕದಲ್ಲಿ ನನಗೊಂದು ಬಿಳಿಮೀನು ಬಿತ್ತು. ನಿಜವಾಗಿ ಬಿತ್ತು. ಒಂದೂವರೆ ಗಂಟೆ ಎಳೆದಾಡಿಸಿತು, ದಾರ ಕೊಯ್ದು ಅಂಗೈಯಲ್ಲಿ ರಕ್ತ ಬಂತು. ಚಿಕ್ಕಮಾದು ಸೊಂಟದ ಮಟ್ಟ ನೀರಿಗಿಳಿದು ಅದನ್ನು ತಬ್ಬಿ ಹಿಡಿದ. ಚಿನ್ನದ ಬಣ್ಣದ ಹುರುಪೆ, ಬಾಯಿಯ ಎಡಕ್ಕೆ ಮೀಸೆ ಇತ್ತು, ಬಲಗಡೆಯ ಮೀಸೆ ಯಾವಾಗಲೋ ಬೇರುಸಹಿತ ಕಿತ್ತುಹೋಗಿ ಕಲೆಯಾಗಿತ್ತು. ಬಿಟ್ಟಾಗ ಅದು ಓಡಿಹೋಗಲಿಲ್ಲ. ನನ್ನ ಕಾಲ ಹತ್ತಿರ ಒಂದು ನಿಮಿಷ ನಿಂತು ಸುಧಾರಿಸಿಕೊಂಡು ನಿಧಾನಕ್ಕೆ ಇಳಿಯಿತು. ಅವತ್ತು ನಾನು ಗೋಡೆಗೆ ಹತ್ತೊಂಬತ್ತು ಅಂತ ಬರೆದೆ. ನೀರಲ್ಲೇ ಅಂದಾಜು ಮಾಡಿದ್ದು, ಬೇಕೆಂದೇ ಕೈ ಬಿಗಿಹಿಡಿದು ಬರೆದದ್ದು. ಚಿಕ್ಕಮಾದು ಸಾಕ್ಷಿ ಹೇಳಿದರೂ ಉಳಿದವರೆಲ್ಲ ಟೀ ಹೀರುತ್ತ ಅದೇ ದನಿಯಲ್ಲಿ "ಇದ್ರೂ ಇರ್ಬೋದು" ಅಂದರು. ಆ ಉರಿ ನನಗೆ ಇವತ್ತಿಗೂ ಆರಿಲ್ಲ.

ಮಾರನೆಯ ವರ್ಷ ಕೋಮಲ ಎಂಬ ಸರ್ವೆ ಹುಡುಗಿ ಬಂದಳು. ಹೊಳೆಯ ಮೀನುಗಳ ಲೆಕ್ಕ ಹಾಕುವ ಕೆಲಸ ಅವಳದು. ರಾಚಯ್ಯನ ಅಂಗಡಿಯಲ್ಲಿ ಟೀ ಕುಡಿಯುತ್ತ ಇಡೀ ಗೋಡೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ನಾವು ಪಕ್ಕದಲ್ಲಿ ನಿಂತು, ಹೆಸರು ತಪ್ಪಾಗದ ಹಾಗೆ ಬರೆಸಿದೆವು. ಚಿಕ್ಕಮಾದುವಂತೂ ಹಳೆಯದೆರಡನ್ನು ನೆನಪಿಸಿಕೊಂಡು ಸೇರಿಸಿದ.

ನಾಲ್ಕು ತಿಂಗಳಿಗೆ ಮೀನುಗಾರಿಕೆ ಇಲಾಖೆಯ ನೋಟಿಸು ಬಂತು. ಆಲದ ಮಡುವಿನಿಂದ ಸಂಗಮದವರೆಗೆ ಭಾರಿ ಗಾತ್ರದ ಬಿಳಿಮೀನುಗಳ ನೆಲೆಯಿದೆ ಎಂದು ಸ್ಥಳೀಯ ಹವ್ಯಾಸಿಗಳ ದಾಖಲೆಯಿಂದ ಕಂಡುಬಂದಿರುತ್ತದೆ, ಆದ್ದರಿಂದ ಅದನ್ನು ಸಂರಕ್ಷಿತ ವಲಯವೆಂದು ಘೋಷಿಸಿ ಗಾಳ ನಿಷೇಧಿಸಲು ಉದ್ದೇಶಿಸಿದೆ. ಗಾಳ ಮಾತ್ರ! ಸೇತುವೆಯ ಕೆಳಗೆ ಗುತ್ತಿಗೆ ಹಿಡಿದವನ ಬಲೆ ಇದ್ದ ಹಾಗೇ ಇರುತ್ತದಂತೆ, ಅದು ವಲಯದ ಹೊರಗಂತೆ. ಮಳೆಗಾಲದಲ್ಲಿ ಮೀನು ಕೆಳಕ್ಕಿಳಿಯುವಾಗ ಗಡಿಕಲ್ಲು ನೋಡಿಕೊಂಡು ವಾಪಸು ತಿರುಗುತ್ತದೆಯೋ?

ಮನೆ ಮನೆ ತಿರುಗಿ ಮುನ್ನೂರು ಸಹಿ ಮಾಡಿಸಿದೆವು. ನಂಜನಗೂಡಿನ ಗಾಳದವರೂ ಬಂದು ಸೇರಿದರು. ಬಾಳೆಮಂಡಿಯ ಗೋಡೆಗೆ "ಬಲೆಗೊಂದು ನ್ಯಾಯ, ಗಾಳಕ್ಕೊಂದು ನ್ಯಾಯ" ಅಂತ ಬರೆಸಿದೆವು. ಅಹವಾಲು ಸಭೆಯ ಹಿಂದಿನ ದಿನ ದೊಡ್ಡಸಿದ್ದಯ್ಯ ಮೇಷ್ಟ್ರು ಎಲ್ಲರನ್ನೂ ಕೂರಿಸಿಕೊಂಡರು.

"ಸಹಿಗೆಲ್ಲ ಅವ್ರು ಬಗ್ಗಲ್ಲ ಕಣ್ರಪ್ಪಾ. ಅವ್ರ ಕೈಲಿರೋದು ನಮ್ಮ ಗೋಡೆ. ಅದು ಪೂರಾ ಸುಳ್ಳು ಅಂತ ಒಬ್ಬೊಬ್ರೂ ಎದ್ದು ಏಳ್ಬೇಕು. ದೊಡ್ಡ ಮೀನೇ ಇಲ್ಲ ಅಂದ್ಮೇಲೆ ವಲಯ ಯಾತುಕ್ಕೆ?"

"ನಂದೂವಾ?" ಅಂದೆ.

"ನಿಂದೂವೆ."

"ನಂದು ನಿಜ ಮೇಷ್ಟ್ರೇ."

ಎಲ್ಲರೂ ನಕ್ಕರು. ಚಿಕ್ಕಮಾದು ಮಾತ್ರ ನಗಲಿಲ್ಲ. "ನಿಜ ಆದ್ರೂ ಸುಳ್ಳು ಅನ್ನು ಬುದ್ದಿ," ಎಂದ. "ಮೀನು ಒಂದು ಕಿತ ಸಿಕ್ತು, ಆಯ್ತು. ಒಳೆ ಓದ್ರೆ ಎಲ್ಲಿಗೋಗಾನಾ?" ನಾನು ಹೂಂ ಅಂದೆ.

ಸಭೆ ತಾಲ್ಲೂಕು ಕಚೇರಿಯಲ್ಲಿ. ಮೈಸೂರಿನಿಂದ ಬಂದಿದ್ದ ಅಧಿಕಾರಿ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದಿದರು. ಪಕ್ಕದಲ್ಲಿ ಕೋಮಲ ಕೂತಿದ್ದಳು, ಹಿಂದಿನ ಸಾಲಿನಲ್ಲಿ ಬಲೆಯ ಗುತ್ತಿಗೆದಾರ ಎಲೆ ಅಡಿಕೆ ಜಗಿಯುತ್ತಿದ್ದ.

"ಚಿಕ್ಕಮಾದು, ಮೂವತ್ತೆಂಟು ಕೆ.ಜಿ."

"ಸುಳ್ಳು ಸಾ. ಮೂರೂವರೆ."

ಸಭೆ ಗೊಳ್ಳೆಂದಿತು. ಒಬ್ಬೊಬ್ಬರೇ ಎದ್ದು ಸುಳ್ಳು ಒಪ್ಪಿಕೊಂಡು, ಕಳ್ಳ ನಗು ನಗುತ್ತ ಕೂತರು. ಅಧಿಕಾರಿ ಪ್ರತಿ ಹೆಸರಿನ ಮೇಲೂ ಗೀಟು ಎಳೆಯುತ್ತ ಹೋದರು.

"ಮಲ್ಲಿಕಾರ್ಜುನ, ಹತ್ತೊಂಬತ್ತು."

ಎದ್ದು ನಿಂತೆ. ಸುಳ್ಳು ಎನ್ನುವ ಎರಡಕ್ಷರ ಬಾಯಿಯವರೆಗೂ ಬಂತು. ನನ್ನ ಕಾಲ ಹತ್ತಿರ ನಿಂತು ಸುಧಾರಿಸಿಕೊಂಡ ಮೀನು ಕಣ್ಣಿಗೆ ಕಟ್ಟಿತು. ಮಠದ ಇಬ್ಬರು ನೆಂಟರೂ ಅಲ್ಲಿದ್ದರು, ನೋಡಿದೆ. ಇರಲಿ ಅನ್ನಿಸಿತು.

"ನಿಜ ಸಾರ್."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಅಧಿಕಾರಿಯ ಮುಖ ಅರಳಿತು. "ಅಂದರೆ ದೊಡ್ಡ ಮೀನು ಇದೆ!"

"ಇದೆ. ನಾನು ವಾಪಸು ಬಿಟ್ಟಿದ್ದಕ್ಕೆ ಇದೆ. ಲಿಂಗ ಕಟ್ಟಿದವನು ನಾನು, ಮನೆಗೆ ತಗೊಂಡೋಗಕ್ಕಾಗಲ್ಲ."

"ಸಾಕ್ಷಿ?"

ಚಿಕ್ಕಮಾದು ಧಡಕ್ಕನೆ ಎದ್ದ. "ನಾನಿದೀನಿ ಸಾ! ನನ್ನ ಕಣ್ಣಾರೆ ಕಂಡಿವ್ನಿ!"

"ನೀವು ಈಗಷ್ಟೇ ಸುಳ್ಳುಗಾರ ಅಂತ ಒಪ್ಪಿಕೊಂಡಿರಲ್ಲಪ್ಪಾ" ಎಂದು ಅಧಿಕಾರಿ ನಕ್ಕರು. ಗುತ್ತಿಗೆದಾರನೂ ನಕ್ಕ. ಚಿಕ್ಕಮಾದುವಿನ ಮುಖ ಕಪ್ಪಿಟ್ಟಿತು.

ಆಗ ಕೋಮಲ ತಲೆಯೆತ್ತಿದಳು. "ಆ ಮೀನಿಗೆ ಏನಾದರೂ ಗುರುತು ಇತ್ತಾ?"

"ಒಂಟಿ ಮೀಸೆ. ಬಲಗಡೇದು ಇರ್ಲಿಲ್ಲ, ಹಳೇ ಕಲೆ."

ಅವಳು ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುವಿದಳು. ಬಹಳ ಹೊತ್ತು ಓದಿಕೊಂಡಳು. ಆಮೇಲೆ ಅಧಿಕಾರಿಯ ಕಡೆ ನೋಡದೆ ಗಟ್ಟಿಯಾಗಿ ಓದಿದಳು. "ಆಗಸ್ಟ್ ಹನ್ನೊಂದು. ಸೇತುವೆ ಕೆಳಗೆ, ಗುತ್ತಿಗೆ ಬಲೆ. ಹೆಣ್ಣು ಬಿಳಿಮೀನು, ಹೊಟ್ಟೆ ತುಂಬ ಮೊಟ್ಟೆ. ಬಲ ಮೀಸೆ ಇಲ್ಲ, ಹಳೆಯ ಕಲೆ. ತಕ್ಕಡಿಯಲ್ಲಿ ಇಪ್ಪತ್ತೊಂದು ಮುಕ್ಕಾಲು."

ಹೊಳೆಯ ಚರಿತ್ರೆಯಲ್ಲೇ ತೂಕ ಕಡಿಮೆ ಹೇಳಿದ ಗಾಳದವನು ನಾನೊಬ್ಬನೇ ಇರಬೇಕು. ನಗು ಬರಬೇಕಿತ್ತು. ಅಳು ಬಂತು. ತಾಲ್ಲೂಕು ಕಚೇರಿಯಲ್ಲಿ, ನೆಂಟರ ಮುಂದೆ, ನಾನು ತಿನ್ನದ ಒಂದು ಮೀನಿಗಾಗಿ ಅತ್ತೆ. ಅತ್ತದ್ದಕ್ಕೆ ನನಗೇನೂ ನಾಚಿಕೆಯಿಲ್ಲ. ಗುತ್ತಿಗೆದಾರನ ಜಗಿಯುತ್ತಿದ್ದ ಬಾಯಿ ನಿಂತಿತ್ತು, ಅದಷ್ಟೇ ಸಮಾಧಾನ.

ಕಣ್ಣೊರೆಸಿಕೊಂಡು ಹೇಳಿದೆ. "ಸಾರ್, ಮೊಟ್ಟೆ ಒತ್ತಿದ್ದ ತಾಯಿನ ಕೊಂದಿದ್ದು ಗಾಳ ಅಲ್ಲ. ನೀವು ವಲಯದಿಂದ ಆಚೆ ಇಟ್ಟಿರೋ ಬಲೆ. ವಲಯ ಮಾಡಿ, ಬೇಡ ಅನ್ನಲ್ಲ. ಮೊದ್ಲು ಬಲೆ ಎತ್ಸಿ. ಅಲ್ಲೀಗಂಟ ಭಾನುವಾರ ಭಾನುವಾರ ನಾವು ಆಲದ ಮಡೂಲೇ ಕೂತಿರ್ತೀವಿ, ಗಾಳ ಇಟ್ಕೊಂಡೇ. ಇಡ್ಕೊಂಡೋಗೋದಾದ್ರೆ ಜೀಪ್ ತನ್ನಿ, ಒಂಬತ್ತು ಜನ ಇದೀವಿ, ದೊಡ್ಡದೇ ತನ್ನಿ."

"ಹತ್ತು" ಎಂದಿತು ಬಾಗಿಲ ಬಳಿಯ ಒಂದು ದನಿ. ರಾಚಯ್ಯ, ಟೀ ಕೆಟಲು ಹಿಡಿದುಕೊಂಡೇ ಬಂದಿದ್ದ. ನಂಜನಗೂಡಿನವರೂ ಎದ್ದು ನಿಂತರು.

ನೋಟಿಸನ್ನು ಮರುಪರಿಶೀಲನೆಗೆ ಇಟ್ಟಿದ್ದೇವೆ ಎಂದು ಅಧಿಕಾರಿ ಕಾಗದ ಮಡಚಿಕೊಂಡು ಹೋದರು. ಬಲೆ ಇನ್ನೂ ಎತ್ತಿಲ್ಲ. ನಾವೂ ಎದ್ದಿಲ್ಲ. ಈಗ ಹಿಡಿದ ಬಿಳಿಮೀನನ್ನು ಒಂಬತ್ತು ಮಂದಿಯೂ ನೀರಿಗೇ ಬಿಡುತ್ತೇವೆ. ಚಿಕ್ಕಮಾದು ಬಿಡುವಾಗ ಒಂದೆರಡು ಬೈಗುಳ ಹೇಳಿ ಬಿಡುತ್ತಾನೆ.

ಸಭೆ ನಡೆದ ಸಂಜೆ ರಾಚಯ್ಯ ಇಡೀ ಗೋಡೆಗೆ ಸುಣ್ಣ ಬಳಿದ. ನನ್ನ ಸಾಲೊಂದನ್ನು ಬಿಟ್ಟು ಬಳಿದ. ಚಿಕ್ಕಮಾದು ಇದ್ದಿಲು ತೆಗೆದುಕೊಂಡು ಹತ್ತೊಂಬತ್ತನ್ನು ಹೊಡೆದುಹಾಕಿ ಇಪ್ಪತ್ತೊಂದು ಮುಕ್ಕಾಲು ಅಂತ ತಿದ್ದಿದ. ಎಲ್ಲರೂ ನೋಡುತ್ತ ನಿಂತೆವು. ಇದ್ದರೂ ಇರಬಹುದು ಅಂತ ಯಾರೂ ಅನ್ನಲಿಲ್ಲ.