ಇಪ್ಪತ್ಮೂರು ಸುತ್ತು

ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಎಂದು ಎನಿಡ್ ತನ್ನ ಗಂಡ ಕ್ಲಿಫ್‌ಗೆ ಸುಳ್ಳು ಹೇಳಿದ್ದಳು. ಅವಳ ಹಲ್ಲೆಲ್ಲ ಗಟ್ಟಿಯಾಗಿಯೇ ಇದ್ದವು. ಕೆಳಗಿನ ಊರಿನಲ್ಲಿ ಅರವತ್ತು ದಾಟಿದವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು ಖಾಲಿಯಾಗಿತ್ತು. ನಾಲ್ಕು ವರ್ಷ ಪಟ್ಟಿಯಲ್ಲಿ ಕಾದ ಮೇಲೆ ಅವಳ ಸರದಿ ಬಂದಿತ್ತು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಕಚೇರಿಗೆ ಹೋಗಿ ಸಹಿ ಹಾಕದಿದ್ದರೆ ಆ ಮನೆ ಪಟ್ಟಿಯಲ್ಲಿ ಮುಂದಿರುವವರ ಪಾಲು. ಕಾಗದ ಕೋಟಿನ ಒಳಜೇಬಿನಲ್ಲಿತ್ತು. ಕ್ಲಿಫ್‌ಗೆ ಇದರ ಸುಳಿವೂ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಸ್ಟೋಕ್‌ನ ಮನೆ ಮಾರಿ ಇಬ್ಬರೂ ಕಾಲುವೆಯಲ್ಲೇ ವಾಸಿಸಲೆಂದು ‘ರೋಸಮಂಡ್’ ದೋಣಿ ಕೊಂಡಿದ್ದರು. ಉದ್ದ ಅರವತ್ತು ಅಡಿ, ಅಗಲ ಏಳಡಿಗೆ ಎರಡು ಇಂಚು ಕಮ್ಮಿ. ಒಳಗೆ ಹಲಗೆ ಬಡಿದು ಬೀರು ಕೂರಿಸಿದ ಮೇಲೆ ಮನುಷ್ಯರಿಗೆ ಉಳಿದದ್ದು, ಕೈ ಚಾಚಿದರೆ ಎರಡೂ ಕಡೆ ಗೋಡೆ ತಾಗುವಷ್ಟು ಜಾಗ. ಕ್ಲಿಫ್ ಒಲೆಯ ಮುಂದೆ ನಿಂತಿದ್ದರೆ ಎನಿಡ್ ಹಾಸಿಗೆಗೆ ಹೋಗಲು ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು, “ಸ್ವಲ್ಪ ಸರಿ” ಎನ್ನಬೇಕಿತ್ತು. ಹನ್ನೊಂದು ವರ್ಷದಲ್ಲಿ ಅವರು ಒಬ್ಬರಿಗೊಬ್ಬರು ಅತಿ ಹೆಚ್ಚು ಆಡಿದ ಮಾತು ಅದೇ ಇರಬೇಕು.

ಇನ್ನು ರಿಪೇರಿ. ನೆಲದ ಹಲಗೆ ಕಿತ್ತು ಹಾಕಿದ್ದಾಯಿತು, ಕಿಟಕಿ ಬಿಚ್ಚಿ ಕೂರಿಸಿದ್ದಾಯಿತು, ತಳಕ್ಕೆ ಟಾರು ಬಳಿದದ್ದಾಯಿತು. ಹಿಂದಿನ ತುದಿಯ ಕೆಲಸ ಮುಗಿಯುವ ಹೊತ್ತಿಗೆ ಮುಂದಿನ ತುದಿ ತುಕ್ಕು ಹಿಡಿದಿರುತ್ತಿತ್ತು. “ಈ ಒಂದು ಕೆಲಸ ಮುಗೀಲಿ, ಆಮೇಲೆ ಆರಾಮು” ಎಂದು ಕ್ಲಿಫ್ ಹೇಳದ ವಸಂತವೇ ಇಲ್ಲ. ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೆಡೆ ದೋಣಿ ಕಟ್ಟುವಂತಿಲ್ಲ ಎಂಬ ಕಾನೂನು ಬೇರೆ. ದಂಡೆಯ ಮನೆಯ ಹೆಂಗಸೊಬ್ಬಳ ಜೊತೆ ಹೆಸರು ಹಿಡಿದು ಮಾತಾಡುವಷ್ಟು ಸಲಿಗೆ ಬೆಳೆಯುವುದರೊಳಗೆ ಹಗ್ಗ ಬಿಚ್ಚಬೇಕು. ಸುತ್ತಾಟ ಎಂದು ಜನ ಹೊಟ್ಟೆಕಿಚ್ಚು ಪಡುತ್ತಿದ್ದರು. ಎನಿಡ್‌ಗೆ ಅದು ಚಲಿಸುವ ಸೆರೆಮನೆಯಾಗಿತ್ತು.

ಆದರೂ ಈ ಚಳಿಗಾಲದ ಮೇಲೆ ಅವಳು ಆಸೆ ಇಟ್ಟುಕೊಂಡಿದ್ದಳು. ಚಳಿಗಾಲದ ದುರಸ್ತಿಗೆಂದು, ಕಾಲುವೆಯ ಏರಿಳಿತದಲ್ಲಿ ದೋಣಿ ದಾಟಿಸುವ ಹಿಂದಿನ ಲಾಕ್ ಹೋದ ಸೋಮವಾರವೇ ಮುಚ್ಚಿತ್ತು, ಮುಂದಿನದು ನಾಳೆ ಮುಚ್ಚುತ್ತದೆ, ಮೂರು ತಿಂಗಳು. ಲಾಕ್ ಮುಚ್ಚಿರುವಾಗ ಹದಿನಾಲ್ಕು ದಿನದ ಕಾನೂನು ಇಲ್ಲ, ಅಷ್ಟರೊಳಗೆ ಕೆಳಗಿಳಿದುಬಿಟ್ಟರೆ ಚಳಿಗಾಲವಿಡೀ ಊರಿನ ಕಟ್ಟೆಯಲ್ಲೇ ದೋಣಿ ಕಟ್ಟಬಹುದು. ಅಲ್ಲಿಂದ ಆ ಮನೆಗೆ ಹತ್ತು ಹೆಜ್ಜೆ. ಕ್ಲಿಫ್‌ಗೆ ನಿಧಾನವಾಗಿ, ಒಂದೊಂದೇ ಮಾತು ಹೇಳಬಹುದು. ಬೇಸಿಗೆಯಿಡೀ ಅವಳು ಊರಿನ ಚಳಿಗಾಲದ ಮಾತನ್ನೇ ಆಡಿದ್ದಳು, ಅವನು ಹೂಂಗುಟ್ಟಿದ್ದ.

ಹತ್ತೂಕಾಲಿಗೆ ರೋಸಮಂಡ್ ಲಾಕಿನೊಳಗೆ ಹೋಯಿತು. ಎರಡೂ ತುದಿಗೆ ಬಾಗಿಲಿರುವ ಆಳದ ಕಲ್ಲಿನ ತೊಟ್ಟಿ ಅದು. ಕೆಳಗಿನ ಬಾಗಿಲಿನ ತೂಬು ಎತ್ತಿದರೆ ನೀರು ಇಳಿಯುತ್ತದೆ, ನೀರಿನ ಜೊತೆ ದೋಣಿಯೂ; ಮೇಲಿನದನ್ನು ಎತ್ತಿದರೆ ತುಂಬುತ್ತದೆ. ದೋಣಿಯವರಲ್ಲಿ ಯಾರೂ ಹೇಳದೆ ನಡೆದುಬಂದ ಪದ್ಧತಿಯೊಂದಿದೆ: ಗಂಡ ಚುಕ್ಕಾಣಿ ಹಿಡಿಯುತ್ತಾನೆ, ಹೆಂಡತಿ ದಂಡೆಗಿಳಿದು ತೂಬು ತಿರುಗಿಸುತ್ತಾಳೆ. ಚುಕ್ಕಾಣಿ ಕಷ್ಟದ ಕೆಲಸವಂತೆ. ಟನ್‌ಗಟ್ಟಲೆ ತೂಗುವ ಬಾಗಿಲನ್ನು ಸೊಂಟ ಕೊಟ್ಟು ತಳ್ಳುವುದು ಯಾವ ಲೆಕ್ಕಕ್ಕೆ ಎಂದು ಆ ಗಂಡಸರನ್ನೇ ಕೇಳಬೇಕು. ತೂಬು ತಿರುಗಿಸುವ ಕಬ್ಬಿಣದ ಹಿಡಿಕೆ ಸದಾ ಎನಿಡ್‌ಳ ಬೆಲ್ಟಿನ ಹಿಂದೆ, ಬೆನ್ನಿಗೆ ಒತ್ತಿಕೊಂಡಿರುತ್ತಿತ್ತು.

“ನಿಧಾನಕ್ಕೆ ಎತ್ತು! ಒಂದೇ ಸಲ ಎತ್ತಿ ನನ್ನ ಮುಳುಗಿಸ್ಬೇಡ!” ಕ್ಲಿಫ್ ಎಂದಿನಂತೆ ಕೂಗಿದ.

“ಇಷ್ಟು ವರ್ಷದಲ್ಲಿ ಮುಳುಗಿಸಿದ್ದೀನಾ?” ಎಂದು ಎನಿಡ್ ಹಿಡಿಕೆ ತಿರುಗಿಸಿದಳು.

ನೀರು ಒಂದೂವರೆ ಅಡಿ ಇಳಿದಿರಬಹುದು. ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದಾಯಿತು. ದೋಣಿಯ ಎಡಪಕ್ಕ ನಿಂತೇಬಿಟ್ಟಿತು, ಬಲಪಕ್ಕ ಮಾತ್ರ ಇಳಿಯತೊಡಗಿತು. ಒಳಗಿನಿಂದ ಪಿಂಗಾಣಿ ಒಡೆದ ಸದ್ದು. ಸ್ಟೋಕ್‌ನ ಕಾರ್ಖಾನೆಯಲ್ಲಿ ಅವಳೇ ಬಣ್ಣ ಹಾಕಿದ ಕಪ್ಪುಗಳವು.

“ಮುಚ್ಚು! ಮುಚ್ಚೇ, ಮಾರಾಯ್ತಿ!”

ಎನಿಡ್ ಕೊಕ್ಕೆ ತಪ್ಪಿಸಿ ತೂಬನ್ನು ಧಡಾರನೆ ಬೀಳಿಸಿದಳು. ನೀರು ನಿಂತಿತು. ರೋಸಮಂಡ್ ಎರಡು ಗೋಡೆಗಳ ನಡುವೆ ವಾಲಿಕೊಂಡು ಸಿಕ್ಕಿಬಿದ್ದಿತ್ತು. ಮೇಲೆ ಹತ್ತಲು ಏಣಿ ಇದ್ದದ್ದು ತೊಟ್ಟಿಯ ಆ ತುದಿಯಲ್ಲಿ. ಕ್ಲಿಫ್ ಓರೆಯಾಗಿ ನಿಂತು, ಎರಡೂ ಕೈಯಲ್ಲಿ ಚುಕ್ಕಾಣಿ ಅವುಚಿಕೊಂಡು ಮೇಲಕ್ಕೆ ನೋಡಿದ. ಅವನ ಮುಖ ಬಿಳಿಚಿತ್ತು. ಎನಿಡ್‌ಗೆ ಮೊದಲು ಭಯವಾಯಿತು. ಆಮೇಲೆ ಆ ಮುಖದಲ್ಲಿ ಇನ್ನೇನೋ ಕಂಡಿತು. ಅವನಿಗೆ ಹೆದರಿಕೆ ಆಗಿತ್ತು, ಆಶ್ಚರ್ಯ ಆಗಿರಲಿಲ್ಲ.

“ಕ್ಲಿಫ್, ಈಗ ದೋಣಿ ಅಗಲ ಎಷ್ಟು?”

“ಮೊದಲು ಮೇಲಿನ ತೂಬು ಎತ್ತು.”

“ಮೊದಲು ಅಗಲ ಹೇಳು.”

ಅವನು ಕೆಳಗೆ ನೋಡಿದ. “ಏಪ್ರಿಲ್‌ನಲ್ಲಿ ಪಕ್ಕಕ್ಕೆ ಹೊಸ ತಗಡು ಹೊದಿಸಿದ್ವಲ್ಲ... ಎರಡು ಕಡೆನೂ ಸೇರಿ, ಬೆಸುಗೆ, ಅಂಚು ಪಟ್ಟಿ ಎಲ್ಲಾ... ಒಂದೂಕಾಲು ಇಂಚು ದಪ್ಪ ಆಗಿದೆ. ಬೆಸುಗೆಯವನು ಆವತ್ತೇ ಅಂದ. ಈ ಲಾಕಿನ ಗೋಡೆ ಕೆಳಗಡೆ ಉಬ್ಬಿದೆ, ಇಲ್ಲಿ ಇಳಿಯೋದು ಅನುಮಾನ ಅಂತ.”

“ಏಪ್ರಿಲ್‌ನಲ್ಲೇ ಗೊತ್ತಿತ್ತಾ?”

“ನೀನು ಊರು ಊರು ಅಂತಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ. ನುಸುಳಿದ್ರೂ ನುಸುಳಬಹುದು ಅಂದ್ಕೊಂಡೆ ಕಣೇ.”

ಎನಿಡ್ ಮೇಲಿನ ಬಾಗಿಲಿಗೆ ನಡೆದು ತೂಬು ಎತ್ತಿದಳು. ಸಿಟ್ಟಿನಲ್ಲೂ ಕೈ ತನ್ನ ಕೆಲಸ ಮರೆತಿರಲಿಲ್ಲ. ನೀರು ತುಂಬಿತು, ತಗಡು ಕಿರುಗುಟ್ಟಿತು, ದೋಣಿ ಒಮ್ಮೆ ಜಗ್ಗಿ ನೆಟ್ಟಗಾಯಿತು. ಸ್ವಲ್ಪ ಹೊತ್ತಿಗೆ ಕ್ಲಿಫ್ ಅವಳ ಎತ್ತರಕ್ಕೆ ಬಂದ. ಬಾಗಿಲು ತೆರೆದು, ಹಿಂದಕ್ಕೆ ನಡೆಸಿ, ದಂಡೆಯ ಗೂಟಕ್ಕೆ ಹಗ್ಗ ಬಿಗಿದದ್ದಾಯಿತು. ಎನಿಡ್ ಬಾಗಿಲಿನ ತೊಲೆಗೆ ಸೊಂಟ ಕೊಟ್ಟು ಅದನ್ನು ಮುಚ್ಚಿದಳು. ಗಂಟೆ ಹನ್ನೊಂದಕ್ಕೆ ಎಂಟು ನಿಮಿಷ.

ಅವಳು ಹಿಂದೆ ತಿರುಗಿ ಕಾಲುವೆಯನ್ನು ನೋಡಿದಳು. ಎರಡೂ ಬದಿ ಕಡಿದಾದ ಮಣ್ಣಿನ ಗೋಡೆ, ಮೇಲೆ ಒದ್ದೆ ಮರ. ನವೆಂಬರಿನಿಂದ ಫೆಬ್ರವರಿವರೆಗೆ ಇಲ್ಲಿ ಬಿಸಿಲು ಬೀಳುವುದಿಲ್ಲ. ಮುಚ್ಚಿದ ಎರಡು ಲಾಕುಗಳ ನಡುವೆ ಏಳು ಮೈಲಿ ನೀರು, ಅಂಗಡಿ ಒಂದೂ ಇಲ್ಲ. ಇನ್ನು ಮೂರು ತಿಂಗಳು ಇಷ್ಟೇ ಲೋಕ.

“ಮೂರು ತಿಂಗಳು ತಾನೇ,” ಕ್ಲಿಫ್ ಹತ್ತಿರ ಬಂದು ಅಂದ. “ಒಲೆ ಹಚ್ಚೋಣ. ನಾನು ಆ ಬೀರುಗಳನ್ನ ಒಂದು ಸಲ ಬಿಚ್ಚಿ ಸರಿ ಮಾಡ್ತೀನಿ. ಇದೊಂದು ಕೆಲಸ ಮುಗೀಲಿ, ಆಮೇಲೆ...”

“ಹನ್ನೊಂದೂ ಹತ್ತಕ್ಕೆ ಸೇತುವೆ ಹತ್ರ ಬಸ್ಸು,” ಎಂದಳು ಎನಿಡ್. “ನಾನು ಹೋಗ್ತೀನಿ.”

“ಹಲ್ಲಿಗಾ? ಹೋಗ್ಬಾ, ಅದಕ್ಕೇನಂತೆ.”

“ಹಲ್ಲು ನೆಟ್ಟಗಿದೆ. ಊರಲ್ಲಿ ಒಂದು ಮನೆ ಸಿಕ್ಕಿದೆ. ಸಹಿ ಹಾಕೋಕೆ ಹೋಗ್ತಿದೀನಿ.”

ಕ್ಲಿಫ್ ನಕ್ಕ. ಆಮೇಲೆ ನಗು ನಿಲ್ಲಿಸಿದ. “ಎಷ್ಟು ದಿನದಿಂದ ನಡೀತಿದೆ ಇದು?”

“ನಾಲ್ಕು ವರ್ಷದಿಂದ. ನಿನ್ನದು ಏಪ್ರಿಲ್‌ನಿಂದ. ಮುಚ್ಚಿಡೋದ್ರಲ್ಲಿ ನಾನೇ ಗೆದ್ದೆ ಬಿಡು.”

“ನನ್ನನ್ನ ಇಲ್ಲಿ ಬಿಟ್ಟು?”

“ಅಲ್ಲಿ ಎರಡು ಕುರ್ಚಿ ಹಿಡಿಸತ್ತೆ, ಕ್ಲಿಫ್. ಬಾ ಅಂತ ಕೈಮುಗಿಯಲ್ಲ, ಬರ್ಬೇಡ ಅಂತ್ಲೂ ಅನ್ನಲ್ಲ. ಆದ್ರೆ ಇನ್ನೊಂದು ಚಳಿಗಾಲ ಆ ಡಬ್ಬಿಯೊಳಗೆ ‘ಸ್ವಲ್ಪ ಸರಿ’ ಅಂದ್ಕೊಂಡು ಕೂತ್ರೆ ನಾನು ಸತ್ತೋಗ್ತೀನಿ.”

ಅವಳು ಬೆಲ್ಟಿನಿಂದ ಹಿಡಿಕೆ ತೆಗೆದು ಅವನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ.

“ಅದು ನಿಂದು,” ಎಂದ. ಅವನ ದನಿ ಒಡೆದಿತ್ತು.

ಈಗ ಹಿಡಿಕೆಯನ್ನು ಮತ್ತೆ ಬೆಲ್ಟಿಗೆ ಸಿಕ್ಕಿಸಿಕೊಂಡರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಬಾಗಿಲಿನ ತೊಲೆಯ ಮೇಲಿಟ್ಟು ಏರು ಹತ್ತಿದಳು.

ಸೇತುವೆಯ ಮೇಲೆ ನಿಂತಾಗ ಬಸ್ಸು ತಿರುವಿನಲ್ಲಿ ಕಾಣಿಸಿತು. ಕೆಳಗಿನಿಂದ ಕಬ್ಬಿಣದ ಹಲ್ಲುಗಳ ಕಟಕಟ ಸದ್ದು ಬಂತು. ಎತ್ತಿದ ಮೇಲಿನ ತೂಬು ಎತ್ತಿದಂತೆಯೇ ಉಳಿದಿತ್ತು, ಕೆಳಗಿನದರಂತೆ ಬೀಳುವುದಲ್ಲ ಅದು, ತಿರುಗಿಸಿಯೇ ಇಳಿಸಬೇಕು; ಇಳಿಸದಿದ್ದರೆ ಲಾಕಿನ ಸೋರುವ ಕೆಳಬಾಗಿಲಿನಿಂದ ಕಾಲುವೆ ಬತ್ತಿ ರೋಸಮಂಡ್ ಕೆಸರಿಗೆ ಕೂರುತ್ತದೆ. ಕ್ಲಿಫ್ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಒದ್ದಾಡುತ್ತಿದ್ದ.

“ಎನಿಡ್! ಸಿಕ್ಕೊಂಡ್ತು! ಮುಚ್ಚಿತಾ ಇದು? ಎಷ್ಟು ಸುತ್ತು?”

ಕೈಯೆತ್ತಿ ಬಸ್ಸು ನಿಲ್ಲಿಸಿದ ಎನಿಡ್ ಸೇತುವೆಯ ತಡೆಗೋಡೆಯ ಮೇಲಿಂದ ಬಗ್ಗಿದಳು.

“ಇಪ್ಪತ್ಮೂರು! ಇಪ್ಪತ್ತೊಂದಕ್ಕೆ ಮುಚ್ಚಿದ ಹಾಗೆ ನಾಟಕ ಆಡತ್ತೆ, ನಂಬ್ಬೇಡ! ಇನ್ನೆರಡು ತಿರುಗ್ಸು!”

“ನಿಂಗೆ ಹೇಗ್ ಗೊತ್ತು?”

“ನಾನೇ ಅಲ್ವಾ ತಿರುಗಿಸಿದ್ದು!”

ಬಸ್ಸು ಹೊರಟಿತು. ಕಿಟಕಿ ಪಕ್ಕ ಕೂತ ಎನಿಡ್ ಜೇಬಿನ ಕಾಗದ ಮುಟ್ಟಿ ನೋಡಿಕೊಂಡಳು. ಮೂರು ಮೈಲಿ ದಾರಿ, ಹನ್ನೆರಡಕ್ಕೆ ಬೇಕಾದಷ್ಟು ಸಮಯವಿತ್ತು. ಲಾಕು ಮರೆಯಾದ ಮೇಲೂ ಅವಳ ತುಟಿ ಎಣಿಸುತ್ತಿತ್ತು: ಇಪ್ಪತ್ತು, ಇಪ್ಪತ್ತೊಂದು. ಅಲ್ಲಿ ತಡೆದಳು. ಇಪ್ಪತ್ತೆರಡು. ಇಪ್ಪತ್ಮೂರು. ಆಮೇಲೆ ಅಭ್ಯಾಸದಂತೆ ಸೀಟಿನ ಅಂಚಿನಲ್ಲಿ ನೆಟ್ಟಗೆ ಕೂತಿರುವುದು ಗಮನಕ್ಕೆ ಬಂತು. ಬೆನ್ನಿಗೆ ಒತ್ತಲು ಅಲ್ಲಿ ಏನೂ ಇರಲಿಲ್ಲ. ಅವಳು ನಿಧಾನವಾಗಿ ಹಿಂದಕ್ಕೆ ಒರಗಿ, ಯಾರಿಗೂ ಕೇಳಿಸದಂತೆ ಅತ್ತಳು.