ಉಪವಾಸದ ಮನೆ

ಎದುರು ಮನೆಯ ಶಿವಗಂಗಮ್ಮ ಬಗ್ಗಿ ತಂಗಿ ಸಮತಾಳ ಪಾದಕ್ಕೆ ಹಣೆ ಒತ್ತಿದ್ದನ್ನು ಕಂಡು ಸನ್ಮತಿ ಹೊಸಿಲಲ್ಲೇ ನಿಂತ.

"ಬಂದ್ರಾ ಸಾ? ನಿಮ್ ತಂಗಿ ದ್ಯಾವ್ರಾಗ್ಬುಟ್ಟವ್ಳೆ ಕಣಿ. ಒಂದಗುಳೂ ಮುಟ್ಟಿಲ್ವಂತೆ. ನಮ್ ಸೊಸೆದೀರು ಒಂದೊತ್ತು ಬುಟ್ರೆ ಊರಿಗೆಲ್ಲಾ ಸಾರ್ತವೆ," ಎನ್ನುತ್ತಾ ಮುದುಕಿ ಹೊರಟಳು.

ಸಮತಾ ಗೋಡೆಗೆ ಒರಗಿ ಕುಳಿತಿದ್ದಳು. ಪಾದ ಹಿಂದಕ್ಕೆಳೆದುಕೊಂಡಿರಲೂ ಇಲ್ಲ. ಸೊಸೆ ಉಪವಾಸದ ವ್ರತ ಹಿಡಿದಿದ್ದಾಳೆಂದು ಅತ್ತೆ ಜಿನಮ್ಮ ಚನ್ನರಾಯಪಟ್ಟಣದ ಈ ಮನೆಯಿಂದ ಫೋನು ಮಾಡಿ ಹಿಗ್ಗಿದ್ದರು. ಅಣ್ಣನಿಗೆ ಅನುಮಾನ ಬಂದು ಹಾಸನದಿಂದ ಬೆಳಗಿನ ಬಸ್ಸಿಗೇ ಹೊರಟಿದ್ದ. ಅವನು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಯಾವುದೋ ತರಬೇತಿ ಮುಗಿಸಿದ ಮೇಲೆ ಹುಡುಗರ ಆಪ್ತಸಮಾಲೋಚಕನೂ ಹೌದು. ಏನು ಕೇಳಬೇಕು, ಯಾವ ದನಿಯಲ್ಲಿ ಕೇಳಬೇಕು ಎಂದು ಶಾಂತಿಗ್ರಾಮ ದಾಟುವವರೆಗೂ ಮನಸ್ಸಿನಲ್ಲೇ ಒಪ್ಪಿಸಿಕೊಂಡಿದ್ದ.

"ಯಾಕೆ ಊಟ ಬಿಟ್ಟೆ?"

"ಬಿಡ್ಲಿಲ್ಲ ಅಣ್ಣ. ತಟ್ಟೆ ಮುಂದೆ ಕೂತ್ರೆ ಕೈ ಏಳಲ್ಲ. ಅತ್ತೆ ನೋಡಿ, ಉಪವಾಸನಾ ಅಂದ್ರು. ಹೂಂ ಅಂದೆ. ಅದೇ ಸುಲಭ."

"ಸಾಯ್ಬೇಕು ಅನ್ಸುತ್ತಾ?"

"ಅನ್ಸೋಕೂ ಒಳಗೆ ಏನಾದ್ರೂ ಇರ್ಬೇಕಲ್ಲ."

ಸುಮ್ಮನೆ ಕೇಳಿಸಿಕೊಳ್ಳುವುದೂ ಒಂದು ಕ್ರಮವೆಂದು ತರಬೇತಿಯಲ್ಲಿ ಹೇಳಿದ್ದರು. ಅದು ಈಗ ನೆನಪಾದದ್ದಕ್ಕೆ ಸನ್ಮತಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇವತ್ತೇ ಹಾಸನಕ್ಕೆ ಹೋಗೋಣ. ಡಾಕ್ಟರಿಗೆ ತೋರ್ಸೋಣ."

"ಇದು ವ್ರತ ಅಲ್ಲ ಅಂತ ನೀನು ಇವರಿಗೆ ಹೇಳ್ತೀಯಾ? ನನ್ನ ಕೈಲಾಗಲ್ಲ."

"ಹೇಳ್ತೀನಿ."

ಸಮತಾ ಆಗ ತಲೆ ಎತ್ತಿ ಅವನ ಮುಖ ನೋಡಿದಳು.

ಜಿನಮ್ಮ ಒಳಬಂದರು. ಹಿಂದೆಯೇ ಅವರ ಮಗ, ಸಮತಾಳ ಗಂಡ ಯಶೋಧರ, ನೆಂಟರು, ಸೇವಂತಿಗೆ ಹಾರ. ಹಾರ ಸಮತಾಳ ಕೊರಳಿಗೆ ಬಿತ್ತು. ಯಶೋಧರ ಫೋನು ಹಿಡಿದು, "ಸ್ವಲ್ಪ ನಗು," ಎಂದ. ಜಿನಮ್ಮ ಸನ್ಮತಿಯ ಕೈಗೆ ಪಾನಕದ ಲೋಟ ಕೊಟ್ಟರು.

"ನಿಮ್ಮ ಮನೆತನದ ಪುಣ್ಯ ನಮ್ಮನೇಲಿ ಬೆಳಗ್ತಾ ಐತೆ ಕಣ್ರಪ್ಪ. ಓದಿದೋರು, ನೀವೂ ಎರಡು ಮಾತಾಡಿ."

ಎಲ್ಲರೂ ಅವನತ್ತ ತಿರುಗಿದರು. ಸಮತಾ ಕೂಡ. ಸನ್ಮತಿ ಬಾಯಿ ತೆರೆದ. ತೆರೆದ ಬಾಯಿಗೆ ಪಾನಕ ಹುಯ್ದುಕೊಂಡ.

"ನಮ್ಮ ಪುಣ್ಯ," ಎಂದ.

"ಅಯ್ಯೋ, ತಡೀರಿ, ಕುಡೀಬ್ಯಾಡಿ!" ಜಿನಮ್ಮ ಕೂಗಿಕೊಂಡರು.

ಲೋಟದಲ್ಲಿ ನೊಣ ಒದ್ದಾಡುತ್ತಿತ್ತು. ಜಿನಮ್ಮ ಸೊಸೆಯ ಕೊರಳ ಹಾರದಿಂದ, ಅವಳ ಮುಖ ನೋಡದೆಯೇ, ಒಂದು ಎಸಳು ಕಿತ್ತರು. ಅದರ ತುದಿಯಿಂದ ನೊಣವನ್ನು ಹಗುರವಾಗಿ ಎತ್ತಿ ಕಿಟಕಿಯ ಬಿಸಿಲಿಗೆ ಇಟ್ಟರು. ಎಲ್ಲರೂ ಉಸಿರು ಹಿಡಿದು ಮುತ್ತಿದರು.

"ಪಾಪ, ಜೀವ ಐತೆ," ಎಂದರು ಯಾರೋ.

ಸನ್ಮತಿಯೂ ಬಗ್ಗಿ ನೋಡುತ್ತಿದ್ದ. ಬೆನ್ನಿನ ಹಿಂದೆ ಸಮತಾ ಗೋಡೆಗೆ ಒರಗಿಯೇ ಕುಳಿತಿದ್ದಳು, ಅವನು ತಿರುಗಲಿಲ್ಲ. ಅಂಟಿದ ರೆಕ್ಕೆ ಬಿಡಿಸಿಕೊಳ್ಳಲಾಗದ ನೊಣ ಮುಂಗಾಲುಗಳನ್ನು ಜೋಡಿಸಿ ಉಜ್ಜತೊಡಗಿತು, ಅವರೆಲ್ಲರಿಗೂ ಕೈ ಮುಗಿಯುವಂತೆ.