ಒಂದೇ ಹಡಗಿನವರು

ರಾಖಿ ಹುಣ್ಣಿಮೆಯ ಬೆಳಿಗ್ಗೆ ಸಿಡ್ನಿಯ ನಮ್ಮ ಲಿವರ್‌ಪೂಲ್ ಬೀದಿಯಲ್ಲಿ ಮನೆಮನೆಯಿಂದಲೂ ಎಣ್ಣೆ ಕಾದ ವಾಸನೆ ಬರುತ್ತದೆ. ಪಕ್ಕದ ಮನೆಯ ಲೆಬನಾನಿನ ಮುದುಕಿ ಕಿಟಕಿ ಮುಚ್ಚುವುದಿಲ್ಲ. ಮಧ್ಯಾಹ್ನಕ್ಕೆ ತನ್ನ ತಟ್ಟೆಯೂ ಬರುತ್ತದೆಂದು ಅವಳಿಗೆ ಗೊತ್ತು. ನಾನು ಸೈನಾ ಕರಿಯುತ್ತಿದ್ದೆ. ಕೆಸುವಿನೆಲೆಗೆ ಬೇಳೆಹಿಟ್ಟು ಸವರಿ, ಸುತ್ತಿ, ಬೇಯಿಸಿ, ಕೊಯ್ದು ಕರಿಯುವ ಈ ತಿಂಡಿಯೆಂದರೆ ಜಗರೂಪನಿಗೆ ಪ್ರಾಣ.

ಜಗರೂಪ ಯಾರೆಂದರೆ, ಐವತ್ತಮೂರು ವರ್ಷದಿಂದ ನಾನು ರಾಖಿ ಕಟ್ಟುತ್ತಿರುವ ಅಣ್ಣ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಾನು ಮದುವೆಯಾಗಬೇಕೆಂದು ಆಸೆಪಟ್ಟ ಗಂಡಸು. ಇಬ್ಬರೂ ಒಬ್ಬನೇ. ಎಪ್ಪತ್ತಮೂರರ ವಯಸ್ಸಿನಲ್ಲಿ ಇದನ್ನು ಮುಚ್ಚಿಟ್ಟುಕೊಂಡು ನನಗೆ ಆಗಬೇಕಾದ್ದೇನಿದೆ?

ಬಾಗಿಲು ತಳ್ಳಿಕೊಂಡು ಮೊಮ್ಮಗಳು ರೋಷಿಕಾ ಬಂದಳು. ಕೈಯಲ್ಲಿ ಕಂದು ಬಣ್ಣದ ಲಕೋಟೆ.

"ಆಜಿ, ಒಲೆ ಆರ್ಸಿ ಒಂದ್ನಿಮಿಷ ಕೂತ್ಕೋ."

"ಎಣ್ಣೆ ಕಾದಿದೆ ಕಣೇ. ನೀನೇ ಇಲ್ಲಿ ಬಂದು ಬೊಗಳು."

"ಫಿಜಿಯ ಸುವಾದಿಂದ ಪಾಸ್ ಬಂದಿದೆ. ನಿಂದು, ಜಗರೂಪ್ ಆಜಾದು, ಇಬ್ರ ಆಜಾಂದೂ. ಒಂದೇ ಕಟ್ಟು ಹಾಕ್ಸಿ ಜಗರೂಪ್ ಆಜಾಗೆ ಇವತ್ತು ಕೊಡೋಣ ಅಂತಿದ್ದೆ. ಆದ್ರೆ ತಾರೀಖು ಕೂಡ್ತಾ ಇಲ್ಲ."

ಕಲ್ಕತ್ತೆಯಿಂದ ಫಿಜಿಗೆ ಕಬ್ಬಿನ ಕೂಲಿಗೆಂದು ಹಡಗು ಹತ್ತಿಸುವಾಗ ಪ್ರತಿಯೊಬ್ಬರ ಹೆಸರಲ್ಲೂ ಬರೆದ ಚೀಟಿ ಅದು. ಅಪ್ಪನ ಹೆಸರು, ಊರು, ಎತ್ತರ, ಮೈಮೇಲಿನ ಗಾಯದ ಗುರುತು. ನಮ್ಮ ಆಜಾನ, ಅಂದರೆ ಅಜ್ಜನ, ಚೀಟಿಯಲ್ಲಿ 'ಎಡ ಹುಬ್ಬಿನ ಮೇಲೆ ಗಾಯ' ಎಂದಿತ್ತು. ಚಿಕ್ಕವಳಿದ್ದಾಗ ಆ ಗಾಯದ ಮೇಲೆ ನಾನು ಬೆರಳಾಡಿಸುತ್ತಿದ್ದೆ. ನೆನಪಾಗಿ ಕಣ್ಣು ತುಂಬಿತು.

"ಹಡಗು ಇಬ್ರದೂ ಬೇತ್ವಾನೇ," ಎಂದಳು ರೋಷಿಕಾ. "ಆದ್ರೆ ಜಗರೂಪ್ ಆಜಾನ ಆಜಾ ಬಂದು ನಾಲ್ಕು ವರ್ಷ ಆದ್ಮೇಲೆ ನಿಮ್ಮ ಆಜಾ ಬಂದಿರೋದು. ಆ ಹಡಗು ಹೋಗಿ ಬಂದು ಮಾಡ್ತಿತ್ತು ಆಜಿ. ಇವ್ರಿಬ್ರೂ ಒಟ್ಟಿಗೆ ಬರ್ಲೇ ಇಲ್ಲ."

ಬಾಣಲೆಯಲ್ಲಿ ಸೈನಾ ಸೀದು ಕರಿಯಾಯಿತು. ನಾನು ನೋಡುತ್ತಲೇ ನಿಂತಿದ್ದೆ.

ಒಂದೇ ಹಡಗಿನಲ್ಲಿ ಒಂದೇ ಸಲ ಬಂದವರು ಜಹಾಜಿ ಭಾಯಿಗಳು, ಹಡಗಿನ ಅಣ್ಣತಮ್ಮಂದಿರು. ಜಾತಿ, ಊರು, ತಾಯಿತಂದೆ ಎಲ್ಲವನ್ನೂ ಕಪ್ಪು ನೀರಿಗೆ ಬಿಟ್ಟು ಬಂದವರಿಗೆ ಉಳಿದ ನಂಟು ಅದೊಂದೇ. ರಕ್ತಕ್ಕಿಂತ ಹೆಚ್ಚು. ಅವರ ಮಕ್ಕಳು ಅಣ್ಣತಂಗಿಯರು, ಮೊಮ್ಮಕ್ಕಳೂ ಅಣ್ಣತಂಗಿಯರೇ. ಫಿಜಿಯ ಲಂಬಾಸಾದ ನಮ್ಮ ಜಗಲಿಯ ಮೇಲೆ ಆ ಇಬ್ಬರು ಮುದುಕರು ಸಂಜೆಯೆಲ್ಲ ಬೇತ್ವಾ ಹಡಗನ್ನು ನಡೆಸುತ್ತಿದ್ದರು. ನಮ್ಮ ಆಜಾ ಬಿರುಗಾಳಿ ಎಬ್ಬಿಸಿದರೆ ಅವರ ಆಜಾ ಅಲೆ ಎಬ್ಬಿಸುತ್ತಿದ್ದರು. ಇವರು ವಾಂತಿ ಮಾಡಿಕೊಂಡರೆ ಅವರು ಬೆನ್ನು ಸವರುತ್ತಿದ್ದರು. ಕೇಳುತ್ತ ಕೇಳುತ್ತ ನನಗೆ ನಿದ್ದೆ ಬರುತ್ತಿತ್ತು. ನಿದ್ದೆಯಲ್ಲಿ ನಮ್ಮ ಜಗಲಿಯೇ ಕಟ್ಟು ಬಿಚ್ಚಿಕೊಂಡು ಕಬ್ಬಿನ ಗದ್ದೆಯ ಮೇಲೆ ಮೆಲ್ಲಗೆ ತೇಲಿಹೋಗುತ್ತಿತ್ತು. ಅದರ ತುದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಜಗರೂಪ ಕೂತಿರುತ್ತಿದ್ದ.

ದೊಡ್ಡವನಾದ ಮೇಲೆ ಅವನು ಕಾರ್ಖಾನೆಯ ಕಬ್ಬಿನ ರೈಲು ಓಡಿಸುತ್ತಿದ್ದ. ನಮ್ಮ ಹಿತ್ತಲ ಹತ್ತಿರ ಬಂದಾಗ ಆ ರೈಲಿಗೆ ಎಲ್ಲಿಲ್ಲದ ಆಯಾಸವಾಗುತ್ತಿತ್ತು. ಹಸು ಅಡ್ಡ ಬಂತು ಎನ್ನುತ್ತಿದ್ದ. ನಮ್ಮ ಊರಿನಲ್ಲಿ ಅಷ್ಟು ಹಸುಗಳೇ ಇರಲಿಲ್ಲ!

ಜಗರೂಪನ ಆಜಾ ಒಂದು ಭಾನುವಾರ ಹೆಣ್ಣು ಕೇಳಲು ಬಂದರು. ನಮ್ಮ ಆಜಾ ಲೋಟ ಕೆಳಗಿಟ್ಟು, "ಒಂದೇ ಮಡಕೆ ನೀರು ಕುಡಿದು ಬಂದೋರು ನಾವು. ಅಣ್ಣನ್ನ ತಂಗಿಗೆ ಹೇಗಯ್ಯಾ ಕಟ್ಲಿ?" ಎಂದು ಅತ್ತೇಬಿಟ್ಟರು. ಅವರೂ ಅತ್ತರು. ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬಾಗಿಲ ಹಿಂದೆ ನಿಂತು ನಾನು ಅತ್ತದ್ದನ್ನು ಯಾರೂ ನೋಡಲಿಲ್ಲ. ಆ ವರ್ಷದ ಹುಣ್ಣಿಮೆಗೆ ಆಜಾ ತಾವೇ ಪೇಟೆಯಿಂದ ರಾಖಿ ತಂದು ನನ್ನ ಕೈಗಿಟ್ಟರು. ನೆಲ ನೋಡಿಕೊಂಡು ಕಟ್ಟಿದೆ.

ಆಮೇಲೆ ನೌಸೋರಿಯ ಹೃದಯನಾರಾಯಣನನ್ನು ಮದುವೆಯಾದೆ. ಒಳ್ಳೆಯ ಮನುಷ್ಯ, ಜೋರು ಮಾತೊಂದು ಆಡಿದವನಲ್ಲ. ಫಿಜಿಯಲ್ಲಿ ಸಿಪಾಯಿಗಳು ಸರ್ಕಾರ ಕಿತ್ತುಕೊಂಡಾಗ ಇಲ್ಲಿಗೆ ಬಂದೆವು. ಕೆಲವು ವರ್ಷಗಳ ನಂತರ ಜಗರೂಪನೂ ಹೆಂಡತಿ ಬಿದ್ಯಾಳ ಜೊತೆ ಬಂದು ಎರಡು ಬೀದಿ ಆಚೆ ಮನೆ ಹಿಡಿದ. ಈಗ ಹೃದಯ್ ಹೋಗಿ ಒಂಬತ್ತು ವರ್ಷ, ಬಿದ್ಯಾ ಹೋಗಿ ಆರು. ಜಗರೂಪ ನಲ್ಲಿ ಸೋರಿದರೆ ಬರುತ್ತಾನೆ, ಸೋರದಿದ್ದರೂ ಬರುತ್ತಾನೆ. ನಮ್ಮ ಮನೆಯಲ್ಲಿ ಸೇರುವ ಮಂಗಳವಾರದ ರಾಮಾಯಣ ಮಂಡಳಿಗೆ ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುತ್ತಾನೆ. ಬೀದಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅವನ ಮಣಿಕಟ್ಟಿನಲ್ಲಿ ನನ್ನ ರಾಖಿ ಇರುತ್ತದಲ್ಲ! ತಾನಾಗಿ ನವೆದು ಬೀಳುವವರೆಗೂ ಅವನು ಬಿಚ್ಚುವುದಿಲ್ಲ.

"ಈಗ ಏನ್ಮಾಡ್ತೀಯ ಆಜಿ?" ಎಂದಳು ರೋಷಿಕಾ. ಅವಳಿಗೆ ಎಷ್ಟು ಅರ್ಥವಾಗಿತ್ತೋ ಗೊತ್ತಿಲ್ಲ.

"ಮೊದ್ಲು ಈ ಕರಿ ಕಸ ಎಸೀತೀನಿ," ಎಂದೆ.

ಹನ್ನೊಂದಕ್ಕೆ ಜಗರೂಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ತೆಂಗಿನಕಾಯಿ. ಹೊರಗೆ ವಾಟಲ್ ಮರ ಹಳದಿ ಹೂ ಚೆಲ್ಲಿತ್ತು. ಅವನ ಹೆಗಲ ಮೇಲೂ ಅಷ್ಟು ಬಿದ್ದಿತ್ತು.

"ಏನು ಬಹಿನಿ, ಮುಖ ಹೀಗ್ಯಾಕೆ? ಸೈನಾ ಸೀದುಹೋಯ್ತಾ?" ಮೊದಲ ರಾಖಿಯಿಂದ ಅವನು ನನ್ನನ್ನು ಹೆಸರು ಹಿಡಿದು ಕರೆದಿಲ್ಲ, ಬಹಿನಿ ಅಂದರೆ ತಂಗಿ ಎಂದೇ.

"ಹೂಂ. ಕೂತ್ಕೋ."

ಫಿಜಿಯಲ್ಲಿ ನಾವೆಲ್ಲ ಕುಡಿಯುವ ಯಂಗೋನಾ ಬೇರಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮರದ ಬೋಗುಣಿಯ ನೀರಿನಲ್ಲಿ ಹಿಂಡಿದೆ. ತೆಂಗಿನ ಚಿಪ್ಪಿನ ತುಂಬ ಮೊಗೆದು ಕೊಟ್ಟೆ. ಪದ್ಧತಿಯಂತೆ ಒಂದು ಚಪ್ಪಾಳೆ ತಟ್ಟಿ ಕುಡಿದ, ಮೂರು ಚಪ್ಪಾಳೆ ತಟ್ಟಿ ಚಿಪ್ಪು ವಾಪಸು ಕೊಟ್ಟ. ನಾನೂ ಕುಡಿದೆ. ನಾಲಿಗೆ ಜೋಮು ಹಿಡಿಯಿತು. ಕೋಣೆ ಮೆತ್ತಗಾಯಿತು. ಕಿಟಕಿಯಾಚೆಯ ಹಳದಿ ಹೂವೆಲ್ಲ ನಿಧಾನವಾಗಿ ಏಳುತ್ತ ಬೀಳುತ್ತ, ಬೀದಿಯಲ್ಲಿ ನೀರು ತುಂಬಿದಂತೆ ಕಂಡಿತು. ಹಳೆಯ ಜಗಲಿ ಮತ್ತೆ ಹೊರಟಿತೋ ಏನೋ. ಧೈರ್ಯ ಬಂತು. ಎರಡು ಚೀಟಿಗಳನ್ನು ಅವನ ಮುಂದಿಟ್ಟೆ.

ಅವನು ಕನ್ನಡಕಕ್ಕೆ ಕೈ ಹಾಕಲೇ ಇಲ್ಲ.

"ನಂಗೊತ್ತು," ಎಂದ.

"ಏನು ಗೊತ್ತು?"

"ಇಬ್ರೂ ಒಂದೇ ಸಲ ಬಂದೋರಲ್ಲ ಅಂತ. ನಮ್ಮ ಆಜಾ ಸಾಯೋ ಮುಂಚೆ ಹೇಳಿದ್ರು. ಆಗ್ಲೇ ನಿನ್ನ ಮಡಿಲಲ್ಲಿ ಎರಡು ಮಕ್ಕಳಿದ್ವು."

"ಅವ್ರಿಗೆ ಗೊತ್ತಿತ್ತಾ? ಗೊತ್ತಿದ್ದೂ ನಮ್ಮನ್ನ..."

"ಕೇಳು ಮೊದ್ಲು. ಹೊಳೆ ದಡದಲ್ಲಿ ನಿಮ್ಮ ಆಜಾ ಒಬ್ರೇ ಅಳ್ತಾ ಕೂತಿದ್ರಂತೆ. ನಮ್ಮ ಆಜಾ ಹೋಗಿ ಯಾವ ಹಡಗು ಅಂದ್ರು. ಬೇತ್ವಾ ಅಂದ್ರಂತೆ. ಇವ್ರದ್ದೂ ಬೇತ್ವಾ. ತಬ್ಕೊಂಡ್ರು. ಎಂಟುನೂರು ಜನ ಇದ್ದ ಹಡಗು, ಯಾರ ಮುಖ ಯಾರಿಗೆ ನೆನಪಿರುತ್ತೆ? ವರ್ಷ ಯಾವ್ದು ಅಂತ ನಮ್ಮ ಆಜಾ ಆಮೇಲೂ ಕೇಳ್ಲಿಲ್ಲ. ಅನುಮಾನ ಇತ್ತು. ಆದ್ರೂ ಕೇಳ್ಲಿಲ್ಲ. ಕೇಳಿದ್ರೆ ಸಿಕ್ಕಿದ ತಮ್ಮ ಕೈಬಿಟ್ಟು ಹೋಗ್ತಾನೆ ಅಂತ."

ಆ ಮುದುಕರನ್ನು ಬಯ್ಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಕಂಡಿರದ ಬಿರುಗಾಳಿಯಲ್ಲಿ ಒಬ್ಬರ ಬೆನ್ನು ಒಬ್ಬರು ಸವರಿದವರನ್ನು ಹೇಗೆ ಬಯ್ಯಲಿ? ಆದರೆ ಎದುರಿಗಿದ್ದವನನ್ನು ಬಯ್ಯಬಹುದಿತ್ತು.

"ಹೃದಯ್, ಬಿದ್ಯಾ ಇದ್ದಾಗ ಹೇಳ್ಲಿಲ್ಲ, ಸರಿ. ಈ ಆರು ವರ್ಷ ಏನಾಗಿತ್ತು ನಿಂಗೆ, ಬಾಯಲ್ಲಿ ಕಡುಬಿತ್ತಾ?"

ಅವನು ಚಿಪ್ಪನ್ನು ತಿರುಗಿಸುತ್ತ ಕೂತ. "ಹೇಳಿದ್ರೆ ನೀನು ರಾಖಿ ಕಟ್ಟೋದು ನಿಲ್ಲಿಸ್ತೀಯ. ರಾಖಿ ಇಲ್ದೆ ಯಾವ ಮುಖ ಇಟ್ಕೊಂಡು ನಿಮ್ಮನೆ ಬಾಗಿಲು ತಟ್ಲಿ? ಈ ಬೀದಿ ಬಾಯಿ ನಿಂಗೊತ್ತಿಲ್ವಾ? ನಂಗಿರೋದು ಈ ಬಾಗಿಲು, ಈ ಮಂಗಳವಾರ, ಅಷ್ಟೇ, ಬಹಿನಿ." ಎಂದವನು ಮಣಿಕಟ್ಟು ಮುಂದೆ ಚಾಚಿದ. "ಕಟ್ಟಿಬಿಡು. ಚೀಟಿ ಒಳಗಿಡು. ಹಿಂದಿನ ಹಾಗೇ ಇರೋಣ."

ತಟ್ಟೆಯಲ್ಲಿ ರಾಖಿ ಇತ್ತು, ಕೆಂಪು ದಾರ, ನಡುವೆ ಜರಿ. ಕಟ್ಟಿದರೆ ಮಂಗಳವಾರಗಳೆಲ್ಲ ಉಳಿಯುತ್ತಿದ್ದವು. ಕಟ್ಟದಿದ್ದರೆ ಅವನು ಹೆದರಿ ಬರದೆ ಹೋಗಬಹುದಿತ್ತು, ಬದುಕಿನ ಉಳಿದ ನಾಲ್ಕು ದಿನವೂ ನನಗೆ ಅವನು ಇಲ್ಲವಾಗಬಹುದಿತ್ತು. ನನಗೂ ಭಯವಾಯಿತು. ಆದರೆ ಇಪ್ಪತ್ತರಲ್ಲಿ ನೆಲ ನೋಡಿಕೊಂಡು ಕಟ್ಟಿದ ಹುಡುಗಿಯ ಮೇಲೆ ಸಿಟ್ಟು ಅದಕ್ಕಿಂತ ಜೋರಾಗಿ ಬಂತು.

ರಾಖಿಯನ್ನು ಎತ್ತಿ ಸಕ್ಕರೆ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ.

"ಬರಿಗೈಲಿ ಬರೋ ಧೈರ್ಯ ಇದ್ರೆ ಮಂಗಳವಾರ ಬಾ. ಇಲ್ದಿದ್ರೆ ಬೇಡ."

ಅವನು ಎದ್ದ. ತೆಂಗಿನಕಾಯಿ ಮೇಜಿನ ಮೇಲೇ ಉಳಿಯಿತು. ಗೇಟಿನ ಬಳಿ ಅಂಗಿಯ ತೋಳನ್ನು ಬೆರಳಿನವರೆಗೆ ಎಳೆದುಕೊಂಡು ಹೋದದ್ದನ್ನು ಕಂಡೆ. ಮುಗಿಯಿತು ಎಂದುಕೊಂಡೆ.

ಮಂಗಳವಾರ ಸಂಜೆ ಆರಕ್ಕೆ ನಮ್ಮ ಗರಾಜಿನಲ್ಲಿ ಚಾಪೆ ಹಾಸಿದೆವು. ಎಲ್ಲರೂ ಬಂದರು. ಎಲ್ಲರಿಗಿಂತ ಮೊದಲು ಬರುವವನು ಬಂದಿರಲಿಲ್ಲ. ಢೋಲಕ್ ಶುರುವಾಯಿತು. ರಾಮಾಯಣದ ಚೌಪಾಯಿ ಹಾಡುತ್ತಿದ್ದ ನನ್ನ ಬಾಯಿ ಒಂದು ಕಡೆ, ಕಿವಿ ಗೇಟಿನ ಕಡೆ. ಕಾಂಡ ಮುಗಿಯಿತು, ಆರತಿಯೂ ಆಯಿತು. ಬೋಗುಣಿ ನಡುವೆ ಇಟ್ಟು ಯಂಗೋನಾ ಕಲಸುವಾಗ ನೀರಿನಲ್ಲಿ ಕೈ ಸುಮ್ಮನೆ ಸುತ್ತುತ್ತಿತ್ತು.

ಗೇಟು ಕಿರ್ರೆಂದಿತು.

ಜಗರೂಪ ಬಂದ. ಅದೇ ಬಿಳಿ ಅಂಗಿ. ತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದ, ಎರಡೂ ಕೈಗಳದ್ದು. ಬರಿದಾದ ಆ ಮಣಿಕಟ್ಟನ್ನು ಗರಾಜಿನ ದೀಪದ ಕೆಳಗೆ ನಮ್ಮ ಮಂಡಳಿ ಪೂರ್ತಿ ನೋಡಿತು.

ಎದುರುಮನೆಯ ಕಮೋತಿ ತಡೆಯಲಾರದೆ ಕೇಳಿಯೇಬಿಟ್ಟಳು. "ಅರೆ ಜಗರೂಪ್ ಭೈಯಾ, ರಾಖಿ ಎಲ್ಲಿ? ಒಂದ್ವಾರಾನೂ ಆಗಿಲ್ಲ, ಆಗ್ಲೇ ಬಿದ್ಹೋಯ್ತಾ?"

"ಕಟ್ಲಿಲ್ಲ," ಎಂದ ಅವನು.

ಎಲ್ಲರೂ ನನ್ನತ್ತ ತಿರುಗಿದರು. ರೋಷಿಕಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ನಾವು ಒಂದೇ ಹಡಗಿನವರಲ್ಲ ಕಮೋತಿ," ಎಂದೆ. "ಚೀಟಿ ಬಂದಿದೆ. ಬೇಕಿದ್ರೆ ಓದ್ಕೋ."

ಮೊದಲ ಚಿಪ್ಪು ಮೊಗೆದು ಅವನಿಗೆ ಕೊಟ್ಟೆ. ಒಂದು ಚಪ್ಪಾಳೆ ತಟ್ಟಿ ಕುಡಿದ. ಆಮೇಲೆ ಮೂರು ಚಪ್ಪಾಳೆ ತಟ್ಟಿದ. ಲಂಬಾಸಾದಲ್ಲಿ ಬಿಟ್ಟು ಬಂದಿದ್ದ ನನ್ನ ಹೆಸರನ್ನು ಅವನು ಎಲ್ಲರ ಮುಂದೆ ಎತ್ತಿಕೊಂಡ.

"ಸುರುಜ್," ಎಂದ, "ಇನ್ನೊಂದು ಕೊಡು."